ಅವ್ವನ ಕೈರುಚಿ ಅಂತ ಒಂದಿಲ್ಲ

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ ಕಡೆಯಿಂದ ಬೆಂಗಳೂರಿಗೆ ಬಂದ ನಮ್ಮಂಥವರು ನಾಲ್ಕು ಮಂದಿ ಒಂದು ಕಡೆ ಕೂತರೆ ಸಾಕು, ಅರ್ಧ ಗಂಟೆಯೊಳಗೆ ಮಾತು ಪುಂಡಿಪಲ್ಯಕ್ಕೆ ಬಂದೇ ಬರ್ತದೆ. ಆಮೇಲೆ ನಡೆಯೋದು ಪ್ರತಿ ಸಲ ಅದೇ ನಾಟಕ. ಒಬ್ಬ ಕಣ್ಣು ಮುಚ್ಚಿ ಹೇಳ್ತಾನೆ: "ಏನರ ಮಾಡು ದೋಸ್ತ, ಅವ್ವನ ಕೈರುಚಿ ಬರಂಗಿಲ್ಲ." ಉಳಿದ ಮೂವರು ತಲೆ ಆಡಿಸ್ತಾರೆ. ಸ್ವಲ್ಪ ಹೊತ್ತು ಎಲ್ಲರೂ ಸುಮ್ಮನೆ. ಆಮೇಲೆ ಯಾರೋ ಫೋನ್ ತೆಗೆದು ಬಿರಿಯಾನಿ ಆರ್ಡರ್ ಮಾಡ್ತಾರೆ.

ನಾನೂ ಹತ್ತು ವರ್ಷ ಈ ನಾಟಕದಲ್ಲಿ ಪಾತ್ರ ಮಾಡಿದವನೇ. ಅದಕ್ಕೇ ಬೈಸಿಕೊಳ್ಳುವ ಧೈರ್ಯ ಮಾಡಿ ಹೇಳ್ತಿದ್ದೀನಿ: ಅವ್ವನ ಕೈರುಚಿ ಅಂತ ಒಂದಿಲ್ಲ. ಇರೋದು ಲೆಕ್ಕ, ಕ್ರಮ ಮತ್ತು ಒಲೆ ಮುಂದೆ ನಿಲ್ಲುವ ತಾಳ್ಮೆ. ಅದನ್ನು ಕೈರುಚಿ ಅಂತ ಕರೆದು ಕೈ ಮುಗಿಯೋದು, ಆ ಕೆಲಸ ಕಲಿಯದೇ ಇರೋದಕ್ಕೆ ನಾವು ಗಂಡಸರು ಹುಡುಕಿಕೊಂಡ ಮರ್ಯಾದಸ್ಥ ನೆಪ.

ಗೊತ್ತಿಲ್ಲದವರಿಗೆ ಒಂದು ಮಾತು. ಹೆಸರಿನಲ್ಲಿ ಪಲ್ಯ ಇದ್ದರೂ ಇದು ಬೆಂಗಳೂರು-ಮೈಸೂರಿನ ಒಣ ಪಲ್ಯ ಅಲ್ಲ. ಹುಳಿ ಪುಂಡಿ ಸೊಪ್ಪು, ಬೇಳೆ, ಜೋಳದ ನುಚ್ಚು, ಹಸಿಮೆಣಸಿನಕಾಯಿ ಕುದಿಸಿ ಕಡೆದು, ಬೆಳ್ಳುಳ್ಳಿ ಒಗ್ಗರಣೆ ಕೊಟ್ಟ ಗಟ್ಟಿ ಅಡುಗೆ. ರೊಟ್ಟಿಯ ತುಣುಕಿನಲ್ಲಿ ಎತ್ತಿಕೊಂಡರೆ ಸೋರಬಾರದು, ಉಂಡೆಯಾಗಿಯೂ ನಿಲ್ಲಬಾರದು. ಪುಂಡಿಯನ್ನು ತೆಲುಗರು ಗೋಂಗೂರ ಅಂತಾರೆ, ಮರಾಠಿಯವರು ಅಂಬಾಡಿ ಅಂತಾರೆ. ನಮ್ಮ ಕಡೆ ಹೊಲದ ಬದುವಿನ ಗುಂಟ ಒಂದೆರಡು ಸಾಲು ಹಾಕ್ತಾರೆ. ಎಲೆ ಪಲ್ಯಕ್ಕೆ, ಬೆಳೆದ ಗಿಡದ ನಾರು ಹಗ್ಗಕ್ಕೆ.

ಈಗ ನನ್ನ ಸಾಕ್ಷಿ. ಎರಡು ವರ್ಷದ ಹಿಂದೆ ಅವ್ವ ಬಚ್ಚಲಲ್ಲಿ ಜಾರಿ ಬಿದ್ದು ಬಲಗೈ ಮುರಿದುಕೊಂಡಳು. ಆರು ವಾರ ಪ್ಲಾಸ್ಟರ್. ನಾನು ರಾತ್ರಿ ರೈಲು ಹಿಡಿದು ವಾಡಿಯಲ್ಲಿ ಇಳಿದು, ಅಲ್ಲಿಂದ ಸೇಡಂ ದಾಟಿ ನಮ್ಮೂರಿಗೆ ಹೋದೆ. ಲ್ಯಾಪ್‌ಟಾಪ್ ಜೊತೆಗಿತ್ತು, ಮನೆಯಿಂದಲೇ ಕೆಲಸ. ಮನೆಯಲ್ಲಿ ನಾವು ಮೂವರು ಗಂಡಸರು: ಅಪ್ಪ, ತಮ್ಮ, ನಾನು. ಒಬ್ಬನು ನಲವತ್ತು ವರ್ಷ ಒಕ್ಕಲುತನ ಮಾಡಿದವನು, ಒಬ್ಬನು ಡಿಪ್ಲೊಮಾ, ಒಬ್ಬನು ಬಿ.ಇ. ಮೂವರಲ್ಲಿ ಒಬ್ಬನಿಗೂ ದಿನಾ ಉಣ್ಣುವ ಪಲ್ಯ ಮಾಡಲು ಬರ್ತಿರಲಿಲ್ಲ. ಎರಡು ದಿನ ಪಕ್ಕದ ಮನೆಯ ಕಾಕು ಡಬ್ಬಿ ಕಳಿಸಿದಳು. ಮೂರನೇ ದಿನ ನನಗೇ ನಾಚಿಕೆಯಾಗಿ ಒಲೆ ಹಚ್ಚಿದೆ.

"ಪುಂಡಿ ಎಷ್ಟು ಹಾಕಲಿ ಅವ್ವಾ?"

"ಹಾಕಬೇಕಲ್ಲ, ಅಷ್ಟು ಹಾಕು."

"ನುಚ್ಚು?"

"ಕೈಗಿ ಗೊತ್ತಾಗ್ತದ, ತಮ್ಮಾ."

ನನ್ನ ಕೈಗೆ ಏನೂ ಗೊತ್ತಾಗಲಿಲ್ಲ. ಎಲ್ಲವನ್ನೂ ಒಟ್ಟಿಗೇ ಕುಕ್ಕರಿಗೆ ಹಾಕಿ ಐದು ಸೀಟಿ ಹೊಡೆಸಿದೆ. ತೆಗೆದರೆ ಸೊಪ್ಪು ಕರಗಿದೆ, ಬೇಳೆ ಕಲ್ಲಿನ ಹಾಗೆ ಹಲ್ಲಿಗೆ ಸಿಗ್ತದೆ. ಅಪ್ಪ ಮಾತಾಡದೆ ಉಂಡ. ಅದು ಬೈಗುಳಕ್ಕಿಂತ ಕೆಟ್ಟದ್ದು. ಅವ್ವ ಎಡಗೈಯಿಂದ ಒಂದು ಬೇಳೆ ಒತ್ತಿ ನೋಡಿ, "ಹುಳಿ ಮೊದಲ ಬಿದ್ರ ಬ್ಯಾಳಿ ಬೇಯಂಗಿಲ್ಲ. ಮತ್ತ ಬೋರಿನ ನೀರು ಹಾಕಿ ನೋಡು. ಬ್ಯಾಳಿಗಿ ಆ ನೀರು ಬ್ಯಾಡ, ಕ್ಯಾನಿನ ನೀರು ಹಾಕು" ಅಂದಳು.

ನಾನು ಅವಳನ್ನೇ ನೋಡಿದೆ. ಆ ಎರಡು ಮಾತು ರಸಾಯನಶಾಸ್ತ್ರ. ಬೇಳೆಯ ಜೀವಕೋಶಗಳನ್ನು ಒಂದಕ್ಕೊಂದು ಅಂಟಿಸಿ ಹಿಡಿದಿರೋದು ಪೆಕ್ಟಿನ್. ಶಾಖಕ್ಕೆ ಅದು ಕರಗಿದರೆ ಬೇಳೆ ಒಡೆಯುತ್ತದೆ. ಹುಳಿ ಇದ್ದರೆ ಅದು ಸರಿಯಾಗಿ ಕರಗೋದಿಲ್ಲ. ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಇದ್ದರೆ ಇನ್ನೂ ಗಟ್ಟಿಯಾಗುತ್ತದೆ. ನಮ್ಮ ಕಾಲ ಕೆಳಗೆ ಇರೋದೇ ಸುಣ್ಣದ ಕಲ್ಲು. ಅದಕ್ಕೇ ವಾಡಿ, ಸೇಡಂ, ಮಳಖೇಡಗಳಲ್ಲಿ ಸಿಮೆಂಟ್ ಕಾರ್ಖಾನೆ ಬಂದದ್ದು, ಅದಕ್ಕೇ ಶಹಾಬಾದ ಕಲ್ಲು ಊರೂರಿನ ಮನೆಗಳ ನೆಲಕ್ಕೆ ಹೋದದ್ದು. ಆ ಕಲ್ಲಿನ ಸಂದಿಯಿಂದ ಬರುವ ಬೋರಿನ ನೀರು ಗಡಸು. ಅವ್ವ ನಾಲ್ಕನೇ ಇಯತ್ತೆ ಬಿಟ್ಟವಳು. ಪೆಕ್ಟಿನ್ ಅನ್ನೋ ಹೆಸರು ಕೇಳಿಲ್ಲ. ಆದರೆ ಎರಡೂ ಕಾರಣ, ಎರಡಕ್ಕೂ ಪರಿಹಾರ ಅವಳಿಗೆ ಗೊತ್ತಿತ್ತು. ಇದನ್ನು ನಾವು ಇಷ್ಟು ವರ್ಷ "ಕೈರುಚಿ" ಅಂದ್ಕೊಂಡು ಉಂಡಿದ್ದೆವು.

ಮರುದಿನ ನಾನು ಬೇರೆ ರೀತಿ ಕೇಳಲು ಶುರು ಮಾಡಿದೆ. ಎಷ್ಟು ಅಂತ ಕೇಳಲಿಲ್ಲ, "ತೋರಿಸು" ಅಂದೆ. ಅವ್ವ ಎಡಗೈಯಿಂದ ಬೇಳೆ ಡಬ್ಬಿಗೆ ಕೈ ಹಾಕಿ ಎರಡು ಮುಷ್ಟಿ ತೆಗೆದಳು. ನಾನು ಅದನ್ನು ಚಹಾದ ಕಪ್ಪಿಗೆ ಸುರಿದು ಗೆರೆ ನೋಡಿಕೊಂಡೆ. ಮರುದಿನ ಮತ್ತೆ, ಅದರ ಮರುದಿನ ಮತ್ತೆ. ಮೂರೂ ದಿನ ಗೆರೆ ಅಲ್ಲೇ. ರೂಢಿಯಿಲ್ಲದ ಎಡಗೈಯಲ್ಲೂ ಅಳತೆ ತಪ್ಪಲಿಲ್ಲ. "ಅಂದಾಜು" ಅಂತ ಅವಳು ಕರೆಯೋದು ಬರೆದಿಡದ ಲೆಕ್ಕ, ಅಷ್ಟೇ. ನನ್ನ ಮುಷ್ಟಿ ಅವಳದ್ದಕ್ಕಿಂತ ದೊಡ್ಡದು. ಅವಳ ಎರಡು ಮುಷ್ಟಿ ಅಂದರೆ ನನ್ನದು ಒಂದೂವರೆ. ಫೋನಿನಲ್ಲಿ "ಎರಡು ಮುಷ್ಟಿ" ಅಂತ ಕೇಳಿಕೊಂಡು ಬೆಂಗಳೂರಿನಲ್ಲಿ ಮಾಡಿ ಕೆಡಿಸಿ, "ಅವ್ವನ ಹಾಗೆ ಬರಲಿಲ್ಲ" ಅಂತ ನಾನು ಎಷ್ಟು ಸಲ ನಿಟ್ಟುಸಿರು ಬಿಟ್ಟಿದ್ದೇನೋ.

ಆರನೇ ದಿನ ಪಲ್ಯ ಬಂತು. ಅದೇ ಹುಳಿ, ಅದೇ ಗಟ್ಟಿತನ, ಅದೇ ವಾಸನೆ. ಅವ್ವನ ಕೈ ಪ್ಲಾಸ್ಟರಿನಲ್ಲಿತ್ತು. ಅವಳು ಕಟ್ಟೆ ಮೇಲೆ ಕೂತು ಹೇಳಿದ್ದು ಬಿಟ್ಟರೆ ಪಾತ್ರೆಯನ್ನು ಮುಟ್ಟಿರಲಿಲ್ಲ. ಕೈರುಚಿ ಕೈಯಲ್ಲಿದ್ದರೆ ಆ ಪಲ್ಯ ಹ್ಯಾಂಗ ಬಂತು?

ನಮ್ಮ ಆಫೀಸಿನ ಭಾಷೆಯಲ್ಲಿ ಹೇಳ್ತೀನಿ. ಒಂದು ಸಿಸ್ಟಮ್ ನಲವತ್ತು ವರ್ಷದಿಂದ ದಿನಕ್ಕೆ ಎರಡು ಸಲ ಓಡ್ತಿದೆ. ಡಾಕ್ಯುಮೆಂಟೇಶನ್ ಒಂದು ಸಾಲೂ ಇಲ್ಲ. ಗೊತ್ತಿರೋದು ಒಬ್ಬರಿಗೇ. ಅವರಿಗೆ ರಜೆ ಇಲ್ಲ, ಬ್ಯಾಕಪ್ ಇಲ್ಲ. ಆಫೀಸಿನಲ್ಲಿ ಇಂಥದ್ದು ಕಂಡರೆ ನಾವೇ ಮೇಲ್ ಬರೆದು ಗಲಾಟೆ ಮಾಡ್ತೀವಿ. ಯಾರಾದರೂ ರಾಜೀನಾಮೆ ಕೊಟ್ಟರೆ ನೋಟಿಸ್ ಪೀರಿಯಡ್ ತುಂಬಾ ಅವರ ಹಿಂದೆ ಕೂತು ಕೆ.ಟಿ. ತಗೋತೀವಿ. ಮನೆಯಲ್ಲಿ ಮಾತ್ರ "ಅದು ಅವಳ ಕೈಗುಣ" ಅಂದುಬಿಡ್ತೀವಿ. ನಿಮ್ಮ ಮ್ಯಾನೇಜರು ಅಪ್ರೈಸಲ್‌ನಲ್ಲಿ "ನಿನ್ನ ಕೋಡ್ ಚೆನ್ನಾಗಿದೆ, ನಿನ್ನ ಬೆರಳಿನ ಗುಣ" ಅಂದರೆ ಹೇಗನ್ನಿಸ್ತದೆ ಹೇಳ್ರಿ? ಅದು ಹೊಗಳಿಕೆ ಅಲ್ಲ. ಕಲಿತದ್ದನ್ನು, ಕೆಟ್ಟು ತಿದ್ದಿಕೊಂಡದ್ದನ್ನು ಅಳಿಸಿಹಾಕಿ, ಹುಟ್ಟಿನಿಂದ ಬಂತು ಅಂತ ಹೇಳೋದು. ಅವ್ವನಿಗೆ ನಾವು ಮಾಡ್ತಿರೋದು ಅದೇ. ಹೊಗಳಿಕೆಯ ಹೆಸರಿನಲ್ಲಿ ಅವಳ ವಿದ್ಯೆಯನ್ನು ಕಸಿದುಕೊಳ್ಳೋದು.

ಇದಕ್ಕೆ ಅಂಕಿಯೂ ಇದೆ. ಕೇಂದ್ರ ಸರ್ಕಾರ 2019ರಲ್ಲಿ ನಡೆಸಿದ ಟೈಮ್ ಯೂಸ್ ಸರ್ವೆ ಪ್ರಕಾರ, ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ಆಗ ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ಕೊಡ್ತಿದ್ದರು. ಗಂಡಸರು 97 ನಿಮಿಷ. ಅದೂ ಮಾಡುವ ಗಂಡಸರ ಲೆಕ್ಕ. ಆಗ ದೇಶದಲ್ಲಿ ಮನೆಗೆಲಸಕ್ಕೆ ಕೈ ಹಾಕ್ತಿದ್ದ ಗಂಡಸರು ನೂರಕ್ಕೆ 26 ಮಂದಿ. ಉಳಿದ 74 ಮಂದಿ ಕೈರುಚಿಯ ಅಭಿಮಾನಿಗಳು.

"ಅಡುಗೆಯನ್ನು ಲೆಕ್ಕಕ್ಕೆ ಇಳಿಸಿದರೆ ಅದರ ಜೀವ ಹೋಗ್ತದೆ, ನಮ್ಮ ಪರಂಪರೆಯಲ್ಲಿ ಅದು ಬಾಯಿಂದ ಬಾಯಿಗೆ ಬಂದದ್ದು" ಅನ್ನೋರಿದ್ದಾರೆ. ಅವರಿಗೆ ನಮ್ಮ ಸೇಡಂ ತಾಲೂಕಿನ ಮಳಖೇಡವನ್ನೇ ನೆನಪಿಸ್ತೀನಿ. ಕಾಗಿಣಾ ದಂಡೆಯ ಆ ಊರು ಒಂದು ಕಾಲಕ್ಕೆ ರಾಷ್ಟ್ರಕೂಟರ ಮಾನ್ಯಖೇಟ. ಒಂಬತ್ತನೇ ಶತಮಾನದಲ್ಲಿ ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ ಹುಟ್ಟಿದ 'ಕವಿರಾಜಮಾರ್ಗ' ಏನು? ಕವಿತೆ ಹೇಗೆ ಕಟ್ಟಬೇಕು, ಎಲ್ಲಿ ದೋಷ ಬರುತ್ತದೆ, ಅದನ್ನು ಹೇಗೆ ತಪ್ಪಿಸಬೇಕು ಅಂತ ಹೇಳುವ ಕೈಪಿಡಿ. ಓದದೆಯೂ ಕಾವ್ಯ ಬಲ್ಲ ಜನ ಇವರು ಅಂತ ನಾಡವರನ್ನು ಹೊಗಳಿದ ಪುಸ್ತಕವೇ, ಅಷ್ಟಕ್ಕೆ ನಿಲ್ಲಿಸದೆ ನಿಯಮಗಳನ್ನೂ ಬರೆದಿಟ್ಟಿತು. ಕವಿತೆಯನ್ನೇ ಕೈಗುಣಕ್ಕೆ ಬಿಡದ ನೆಲ ಇದು. ಪುಂಡಿಪಲ್ಯವನ್ನು ಬಿಡಬೇಕಾ?

ಇನ್ನು ಗಂಡಸರಿಗೆ ಅಡುಗೆ ನಮ್ಮ ಸಂಸ್ಕೃತಿ ಅಲ್ಲ ಅನ್ನೋರಿಗೆ: ಹನ್ನೆರಡನೇ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ 'ಮಾನಸೋಲ್ಲಾಸ'ದಲ್ಲಿ ಅಡುಗೆಗಳನ್ನು ವಿವರವಾಗಿ ಬರೆದ. ಮುಂದೆ ಮೂರನೇ ಮಂಗರಸ ಕನ್ನಡದಲ್ಲಿ 'ಸೂಪಶಾಸ್ತ್ರ' ಅಂತ ಪದ್ಯದಲ್ಲೇ ಇಡೀ ಅಡುಗೆ ಪುಸ್ತಕ ಬರೆದ. ಅರಸರಿಗೆ ಇಲ್ಲದ ಮರ್ಯಾದೆಯ ಪ್ರಶ್ನೆ ಟೆಕ್ ಪಾರ್ಕಿನ ನಮಗೆ ಎಲ್ಲಿಂದ ಬಂತು?

"ಊರಿನ ಮಣ್ಣಿನ ರುಚಿ ಬೇರೆ" ಅನ್ನೋ ಮಾತು ಇನ್ನೊಂದು. ಇದರಲ್ಲಿ ಸತ್ಯ ಇದೆ, ಒಪ್ಪಿಕೊಳ್ತೀನಿ. ನಮ್ಮ ಜಿಲ್ಲೆಯ ತೊಗರಿಬೇಳೆಗೆ 'ಗುಲ್ಬರ್ಗಾ ತೊಗರಿ ಬೇಳೆ' ಅಂತ 2019ರಲ್ಲಿ ಜಿಐ ಟ್ಯಾಗ್ ಸಿಕ್ಕಿದೆ. ಸೇಡಂ ದಾಟಿ ತೆಲಂಗಾಣಕ್ಕೆ ಕಾಲಿಟ್ಟರೆ ಸಿಗುವ ತಾಂಡೂರಿನ ತೊಗರಿಗೆ 2022ರಲ್ಲಿ ಬಂತು. ಆದರೆ ಮಣ್ಣಿನ ರುಚಿ ಬೇಳೆಯ ಜೊತೆ ಚೀಲದಲ್ಲಿ ಪ್ರಯಾಣ ಮಾಡ್ತದೆ. ಕಲಬುರಗಿ ಬೇಳೆ ಬೆಂಗಳೂರಿನಲ್ಲಿ ಸಿಗ್ತದೆ, ಪುಂಡಿಯೂ ಸಿಗ್ತದೆ. ಸಿಗದೇ ಇರೋದು ನಮ್ಮ ಒಂದು ಗಂಟೆ.

ಎಳ್ಳಮಾವಾಸಿ ನೆನಪು ಮಾಡಿಕೊಳ್ಳಿ. ಹಸಿ ತೊಗರಿ, ಹಸಿ ಕಡಲಿ, ಅವರಿ, ಬಟಾಣಿ, ಬದನಿ, ಮೆಂತೆ, ಇನ್ನೂ ಸಿಕ್ಕ ಸಿಕ್ಕ ತಪ್ಪಲು ಹಾಕಿ, ಹುಳಿ ಮತ್ತು ಕಡಲಿ ಹಿಟ್ಟು ಕೂಡಿಸಿ ಮಾಡುವ ಭಜ್ಜಿಯನ್ನು ಯಾರೂ ಒಬ್ಬರ ಕೈರುಚಿ ಅನ್ನೋದಿಲ್ಲ. ಯಾಕೆ? ಹಿಂದಿನ ರಾತ್ರಿ ಮನೆ ಮಂದಿಯೆಲ್ಲ ಕೂತು ಕಾಯಿ ಸುಲಿದಿರ್ತಾರೆ. ಎಷ್ಟು ಕೆಲಸ ಅಂತ ಎಲ್ಲರ ಉಗುರಿಗೂ ಗೊತ್ತಿರ್ತದೆ. ಕೆಲಸ ಕಣ್ಣಿಗೆ ಕಂಡ ಕಡೆ ಪವಾಡದ ಮಾತು ಬರೋದಿಲ್ಲ. ಉಳಿದ 364 ದಿನದ ಕೆಲಸ ಅಡುಗೆಮನೆಯ ಗೋಡೆಯ ಆಚೆ ನಡೆಯುತ್ತದೆ. ಅದಕ್ಕೇ ಅದು ಕೈರುಚಿ.

ಇಷ್ಟು ಬೈದ ಮೇಲೆ ಕಲಿಸದೆ ಹೋದರೆ ತಪ್ಪಾಗುತ್ತದೆ. ನಾಲ್ಕು ಮಂದಿಗೆ ಲೆಕ್ಕ ಕೊಡ್ತೀನಿ, ಅವ್ವ ಹೇಳಿದ್ದು, ನಾನು ಅಳೆದದ್ದು.

ಸೋಸಿ ತೊಳೆದ ಪುಂಡಿ ಎಲೆ ಕಾಲು ಕೆ.ಜಿ. ತೊಗರಿಬೇಳೆ 100 ಗ್ರಾಂ, ಪಾಲಿಶ್ ಮಾಡದ್ದು ಸಿಕ್ಕರೆ ಒಳ್ಳೇದು. ಜೋಳದ ನುಚ್ಚು ಎರಡು ದೊಡ್ಡ ಚಮಚ. ಹಸಿಮೆಣಸಿನಕಾಯಿ ಎಂಟು, ಖಾರ ತಡೆಯದವರು ಐದು. ಬೆಳ್ಳುಳ್ಳಿ ಹನ್ನೆರಡು ಎಸಳು. ಶೇಂಗಾ ಎಣ್ಣೆ ಅಥವಾ ಕುಸುಬಿ ಎಣ್ಣೆ ಮೂರು ದೊಡ್ಡ ಚಮಚ. ಜೀರಿಗೆ, ಸಾಸಿವೆ, ಅರಿಶಿಣ, ಉಪ್ಪು. ಇಷ್ಟೇ. ಟೊಮೆಟೊ ಇಲ್ಲ, ಗರಂ ಮಸಾಲೆ ಇಲ್ಲ. ಹುಳಿಗೆ ಪುಂಡಿ ಇದೆ, ಗಟ್ಟಿತನಕ್ಕೆ ನುಚ್ಚು ಇದೆ.

ಬೇಳೆ ಮತ್ತು ನುಚ್ಚನ್ನು ಬೇರೆ ಬೇರೆ ಬಟ್ಟಲಲ್ಲಿ ಅರ್ಧ ಗಂಟೆ ನೆನೆಹಾಕಿ. ಬೇಳೆಗೆ ಫಿಲ್ಟರ್ ನೀರು, ಅರಿಶಿಣ, ನಾಲ್ಕು ಹನಿ ಎಣ್ಣೆ ಹಾಕಿ ಮೊದಲು ಅದನ್ನೊಂದೇ ಬೇಯಿಸಿ. ಎರಡು ಬೆರಳಲ್ಲಿ ಒತ್ತಿದರೆ ತಡೆಯಿಲ್ಲದೆ ಒಡೆಯಬೇಕು. ಬೇಗ ಬೇಯಲಿ ಅಂತ ಸೋಡಾ ಹಾಕಬೇಡಿ, ಬೇಳೆಯ ರುಚಿ ಕೆಡುತ್ತದೆ. ಆ ಕಡೆ ಇನ್ನೊಂದು ಪಾತ್ರೆಯಲ್ಲಿ ಪುಂಡಿ ಮತ್ತು ಮೆಣಸಿನಕಾಯಿಗೆ ಒಂದು ಕಪ್ ನೀರು ಹಾಕಿ ಹತ್ತು ನಿಮಿಷ ಕುದಿಸಿ. ಹಸಿರು ಎಲೆ ಕಂದು ಬಣ್ಣಕ್ಕೆ ತಿರುಗುತ್ತದೆ, ಗಾಬರಿ ಬೇಡ, ಹುಳಿ ಸೊಪ್ಪಿನ ಗುಣ ಅದು. ಕೆಂಪು ದೇಟಿನ ಪುಂಡಿಗೆ ಹುಳಿ ಜಾಸ್ತಿ. ಅದಾದರೆ ಕುದಿಸಿದ ನೀರು ಅರ್ಧ ಚೆಲ್ಲಿ. ಅಲ್ಯೂಮಿನಿಯಂ ಪಾತ್ರೆ ಬೇಡ, ಹುಳಿ ಅದನ್ನು ತಿನ್ನುತ್ತದೆ. ಸ್ಟೀಲು ಅಥವಾ ಮಣ್ಣಿನ ಗಡಿಗೆ ಇರಲಿ.

ಬೆಂದ ಬೇಳೆಗೆ ನೆನೆದ ನುಚ್ಚು ಹಾಕಿ, ಎರಡು ಕಪ್ ಬಿಸಿನೀರು ಹಾಕಿ, ಸಣ್ಣ ಉರಿಯಲ್ಲಿ ಹತ್ತು-ಹನ್ನೆರಡು ನಿಮಿಷ. ನುಚ್ಚು ಉಬ್ಬಿ ಮೆತ್ತಗಾಗಬೇಕು. ಪುಂಡಿಯನ್ನು ಈಗ ಸೇರಿಸಿ, ಅದಕ್ಕೆ ಮೊದಲು ಬೇಡ. ಉಪ್ಪು ಹಾಕಿ. ಕಟ್ಟಿಗೆ ಕಡಗೋಲಿನಿಂದ ಕಡೆಯಿರಿ. ಮಿಕ್ಸಿಗೆ ಹಾಕಿದರೆ ಲೇಹ್ಯ ಆಗುತ್ತದೆ. ಅರ್ಧ ಬೇಳೆ ಕರಗಿ ಅರ್ಧ ಕಾಣಬೇಕು. ಆಮೇಲೆ ಸಣ್ಣ ಉರಿಯಲ್ಲಿ ಹದಿನೈದು ನಿಮಿಷ, ತಳ ಹಿಡಿಯದಂತೆ ಆಡಿಸ್ತಾ ಇರಿ. ಈ ಹದಿನೈದು ನಿಮಿಷವೇ ಪಲ್ಯ. ನುಚ್ಚಿನ ಗಂಜಿ ಹುಳಿಯನ್ನು ಮೆತ್ತಗೆ ಮಾಡೋದು, ಬೇಳೆ-ಸೊಪ್ಪು ಒಂದಾಗೋದು ಆಗಲೇ. ಸೌಟು ಎತ್ತಿ ಓರೆ ಮಾಡಿದರೆ ಪಲ್ಯ ಸುರಿಯಬಾರದು, ಒಂದು ಕ್ಷಣ ತಡೆದು ಜಾರಬೇಕು.

ಕೊನೆಗೆ ಒಗ್ಗರಣೆ. ಎಣ್ಣೆ ಕಾದ ಮೇಲೆ ಸಾಸಿವೆ, ಜೀರಿಗೆ, ಜಜ್ಜಿದ ಬೆಳ್ಳುಳ್ಳಿ. ಬೆಳ್ಳುಳ್ಳಿ ಕೆಂಪಗಾಗುವವರೆಗೆ ಕಾಯಿರಿ, ಕರಿ ಆಗೋಕೆ ಮುಂಚೆ ಇಳಿಸಿ. ಅರ್ಧ ಪಲ್ಯದೊಳಗೆ ಕಲಸಿ, ಅರ್ಧ ಉಣ್ಣುವಾಗ ಮೇಲೆ ಹಾಕಲು ಇಟ್ಟುಕೊಳ್ಳಿ. ಮುಚ್ಚಿ ಇಪ್ಪತ್ತು ನಿಮಿಷ ಬಿಡಿ. ರೊಟ್ಟಿ ಬಡಿಯೋಕೆ ಬಾರದಿದ್ದರೆ ಖಾನಾವಳಿಯಿಂದ ತನ್ನಿ, ಅದರಲ್ಲಿ ಅವಮಾನ ಇಲ್ಲ. ಒಂದೊಂದಾಗಿ ಕಲಿಯೋಣ. ಜೊತೆಗೆ ಹಸಿ ಉಳ್ಳಾಗಡ್ಡಿ. ಉಳಿದರೆ ಮರುದಿನ ಇನ್ನೂ ರುಚಿ.

ಒಟ್ಟು ಒಂದೂವರೆ ಗಂಟೆ, ನೆನೆಯುವ ಹೊತ್ತು ಸೇರಿ. ಅದರಲ್ಲಿ ನಿಮ್ಮ ಕೈ ಆಡೋದು ಮುಕ್ಕಾಲು ಗಂಟೆ. ಒಂದು ಸ್ಟೇಟಸ್ ಮೀಟಿಂಗ್ ಅದಕ್ಕಿಂತ ಉದ್ದ ಇರ್ತದೆ.

ಮೊದಲ ಸಲ ಕೆಡುತ್ತದೆ, ಕೆಡಲಿ. ಅವ್ವನದ್ದೂ ಕೆಟ್ಟಿತ್ತು. ಇದನ್ನು ಅವಳೇ ಆ ಆರು ವಾರದಲ್ಲಿ ಒಂದು ದಿನ ಹೇಳಿದಳು. ಹದಿನೇಳನೇ ವಯಸ್ಸಿಗೆ ಚಿಂಚೋಳಿ ಕಡೆಯಿಂದ ಮದುವೆಯಾಗಿ ಬಂದ ಹೊಸದರಲ್ಲಿ ಇಲ್ಲಿನ ನೀರಿಗೆ ಬೇಳೆ ಬೇಯದೆ, ಅತ್ತೆಯ ಕೈಯಲ್ಲಿ ಬೈಸಿಕೊಂಡು, ಹಿತ್ತಲಲ್ಲಿ ಕೂತು ಅತ್ತಿದ್ದಳಂತೆ. ಮೂವತ್ತೈದು ವರ್ಷ ನಾನು ಅವಳ ಪಲ್ಯ ಉಂಡಿದ್ದೇನೆ. ಈ ಕತೆ ಒಮ್ಮೆಯೂ ಕೇಳಿರಲಿಲ್ಲ. ಕೈರುಚಿ ಅಂದುಬಿಟ್ಟ ಮೇಲೆ ಕೇಳುವುದಕ್ಕೆ ಏನು ಉಳಿದಿರ್ತದೆ?

ಆರನೇ ದಿನದ ಆ ಪಲ್ಯಕ್ಕೆ ವಾಪಸ್ ಬರ್ತೀನಿ. ಅವತ್ತು ಅವ್ವನಿಗೆ ಮೊದಲು ಬಡಿಸಿದೆ. ಎಡಗೈಯಲ್ಲಿ ರೊಟ್ಟಿ ಮುರಿಯಲಾರದೆ ಒದ್ದಾಡ್ತಿದ್ದಳು, ಅಪ್ಪ ಮುರಿದು ಕೊಟ್ಟ. ಎಲ್ಲರೂ ಉಂಡ ಮೇಲೆ ತಳದ ತಣ್ಣನೆ ಪಲ್ಯ ಉಣ್ಣುವವಳು ಅವತ್ತು ಒಲೆಯಿಂದ ಇಳಿಸಿದ್ದನ್ನು ಬಿಸಿಬಿಸಿ ಉಂಡಳು. ಹೊಗಳ್ತಾಳೆ ಅಂತ ಕಾದೆ. ಎರಡು ತುತ್ತು ಉಂಡು, "ಉಪ್ಪು ಒಂದೀಟು ಕಡಿಮಿ ಅದ. ಬಳ್ಳೊಳ್ಳಿ ಇನ್ನಾ ಕೆಂಪಾಗಬೇಕಿತ್ತು" ಅಂದಳು.

ಆ ಮನೆಯಲ್ಲಿ ಪಲ್ಯಕ್ಕೆ ಹೆಸರಿಡುವ ಹಕ್ಕು ಅವತ್ತಿನವರೆಗೂ ನಮ್ಮದಾಗಿತ್ತು. ಅವ್ವ ಅದನ್ನು ಚಲಾಯಿಸಿದ್ದು ನಾನು ನೋಡಿದ್ದು ಅದೇ ಮೊದಲು. ಈಗ ಅವಳ ಕೈ ಸರಿಯಾಗಿದೆ. ಊರಿಗೆ ಹೋದಾಗ ಭಾನುವಾರದ ಪಲ್ಯ ನನ್ನದು, ತಮ್ಮ ಪುಂಡಿ ಸೋಸ್ತಾನೆ, ಅಪ್ಪ ಬೆಳ್ಳುಳ್ಳಿ ಸುಲೀತಾನೆ. ಅವ್ವ ಕಟ್ಟೆ ಮೇಲೆ ಕೂತು ತಪ್ಪು ಹುಡುಕ್ತಾಳೆ.

ಈ ವಾರ ಮನೆಗೆ ಫೋನ್ ಮಾಡಿದಾಗ "ಊಟ ಆಯ್ತಾ" ಅಂತ ಕೇಳಿ ಇಡಬೇಡಿ. "ಬೇಳೆ ಎಷ್ಟು, ನುಚ್ಚು ಯಾವಾಗ ಹಾಕ್ತಿ, ಮೊದಲ ಸಲ ಕೆಟ್ಟಾಗ ಏನು ಮಾಡಿದಿ" ಅಂತ ಕೇಳಿ. ಪೆನ್ನು ಹಿಡಿದುಕೊಂಡು ಕೇಳಿ.